ಕಾಲೇಜು ಬೇಸ್‌ಬಾಲ್: ಈ ಸೀಸನ್‌ನಲ್ಲಿ ತವರು ಮೈದಾನಕ್ಕೆ ಎಷ್ಟು ಜನ ಬರುತ್ತಾರೆ?

(ಉಪನ್ಯಾಸದ ಬರಹ ರೂಪ)

ಒಂದು ತಂಡದ ತವರಿನ ಪಂದ್ಯಗಳಿಗೆ ಈ ವರ್ಷ ಒಟ್ಟು ಎಷ್ಟು ಜನ ಬರುತ್ತಾರೆ ಎಂದು ಯಾರಾದರೂ ಕೇಳಿದರೆ, ಕಂಪ್ಯೂಟರ್ ತೆರೆಯುವ ಮೊದಲು ನಾವು ಒಂದು ಮರುಪ್ರಶ್ನೆ ಹಾಕಬೇಕು. ನಿಮಗೆ ಬೇಕಾಗಿರುವುದು ಯಾವ ಎಣಿಕೆ? ಮಾರಾಟವಾದ ಟಿಕೆಟ್‌ಗಳದೋ, ಗೇಟಿನಲ್ಲಿ ಸ್ಕ್ಯಾನ್ ಆದ ಟಿಕೆಟ್‌ಗಳದೋ, ಅಥವಾ ಮೇಲಿನ ಪ್ರೆಸ್ ಬಾಕ್ಸ್‌ನಿಂದ ಯಾರೋ ಕಣ್ಣಳತೆಯಲ್ಲಿ ಹೇಳಿದ ಸಂಖ್ಯೆಯೋ? ಈ ಕೆಲಸದಲ್ಲಿ ಕೆಡುವುದರಲ್ಲಿ ಹೆಚ್ಚಿನ ಪಾಲು ಇಲ್ಲೇ ಕೆಡುತ್ತದೆ. ಮಾದರಿ, ಅಂದರೆ ಅಂದಾಜು ಹೇಳುವ ಲೆಕ್ಕದ ಸೂತ್ರ, ಸರಳವಾಗಿದ್ದರೂ ನಡೆಯುತ್ತದೆ, ಎಣಿಕೆಯ ಅರ್ಥ ಗೊತ್ತಿಲ್ಲದಿದ್ದರೆ ಮಾತ್ರ ನಡೆಯುವುದಿಲ್ಲ.

ಅಮೆರಿಕದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ, ಅಂದರೆ ಎಲ್‌ಎಸ್‌ಯು, ತನ್ನ ಅಲೆಕ್ಸ್ ಬಾಕ್ಸ್ ಸ್ಟೇಡಿಯಂನ ಪಂದ್ಯಗಳಿಗೆ ಪ್ರಕಟಿಸುವುದು ಮಾರಾಟವಾದ ಟಿಕೆಟ್‌ಗಳ ಲೆಕ್ಕ. 2009ರಲ್ಲಿ ತೆರೆದ ಆ ಮೈದಾನದಲ್ಲಿ 10,326 ಜನ ಕೂರಬಹುದು. ಸೀಸನ್ ಟಿಕೆಟ್‌ಗಳು ಸಾವಿರಗಟ್ಟಲೆ ಹೋಗುವ ಇಂಥ ಕಡೆ ಪ್ರತಿ ಪಂದ್ಯದ ಎಣಿಕೆಗೂ ಗಟ್ಟಿ ತಳವೊಂದು ಇರುತ್ತದೆ. ಬುಧವಾರ ಸಂಜೆ ಜಿಟಿಜಿಟಿ ಮಳೆ ಹಿಡಿದು ಅರ್ಧಕ್ಕರ್ಧ ಕುರ್ಚಿ ಖಾಲಿ ಬಿದ್ದಿದ್ದರೂ, ಮೊದಲೇ ಮಾರಿದ ಟಿಕೆಟ್ ಲೆಕ್ಕಕ್ಕೆ ಸೇರಿಯೇ ಸೇರುತ್ತದೆ. ಇಂಥ ಅಂಕಿ ಇಟ್ಟುಕೊಂಡು ರಿಗ್ರೆಷನ್ (ಯಾವ ಕಾರಣ ಸಂಖ್ಯೆಯನ್ನು ಎಷ್ಟು ಬದಲಿಸುತ್ತದೆ ಎಂದು ಅಳೆಯುವ ಲೆಕ್ಕ) ನಡೆಸಿದರೆ "ಮಳೆಯಿಂದ ಏನೂ ವ್ಯತ್ಯಾಸವಿಲ್ಲ" ಎಂಬ ಉತ್ತರ ಬರುತ್ತದೆ. ಮಾರಾಟದ ಮಟ್ಟಿಗೆ ಅದು ಸರಿಯೇ. ಅದನ್ನೇ ನಂಬಿ ಕ್ಯಾಂಟೀನಿಗೆ ಹಾಟ್‌ಡಾಗ್ ತರಿಸಿದವರು ಮಾತ್ರ ರಾತ್ರಿ ಡಬ್ಬಗಟ್ಟಲೆ ಎಸೆಯಬೇಕಾಗುತ್ತದೆ.

ಆದ್ದರಿಂದ ಲೆಕ್ಕವನ್ನು ಎರಡಾಗಿ ಒಡೆಯಿರಿ. ಮಾರಾಟ ಅಂದರೆ ಸೀಸನ್ ಟಿಕೆಟ್‌ಗಳು ಮತ್ತು ಆ ಪಂದ್ಯಕ್ಕಾಗಿಯೇ ಕೊಂಡ ಬಿಡಿ ಟಿಕೆಟ್‌ಗಳು. ಬಂದವರು ಅಂದರೆ ಆ ಮಾರಾಟವನ್ನು ಹಾಜರಿ ಪ್ರಮಾಣದಿಂದ ಗುಣಿಸಿದಾಗ ಸಿಗುವ ಸಂಖ್ಯೆ. ಸೀಸನ್ ಟಿಕೆಟ್‌ಗಳ ಸಂಖ್ಯೆ ಜನವರಿಯ ಹೊತ್ತಿಗೆ ಟಿಕೆಟ್ ಕಚೇರಿಗೆ ಹೆಚ್ಚುಕಡಿಮೆ ಗೊತ್ತಿರುತ್ತದೆ, ಅದನ್ನು ಊಹಿಸಲು ಹೋಗಬೇಡಿ, ಕೇಳಿ ಪಡೆಯಿರಿ. ಊಹೆ ಬೇಕಾದದ್ದು ಬಿಡಿ ಟಿಕೆಟ್‌ಗೆ ಮತ್ತು ಹಾಜರಿ ಪ್ರಮಾಣಕ್ಕೆ ಮಾತ್ರ. ಹವಾಮಾನ ಈ ಎರಡನ್ನೂ ಮುಟ್ಟುತ್ತದೆ, ಆದರೆ ಬೇರೆ ಬೇರೆ ಮಟ್ಟದಲ್ಲಿ. ವಿದ್ಯಾರ್ಥಿಗಳ ಉಚಿತ ಪ್ರವೇಶ ಎಣಿಕೆಯಲ್ಲಿ ಸೇರಿದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಒಂದೇ ಕಾಲೇಜು ನಡುವೆ ಪದ್ಧತಿ ಬದಲಾಯಿಸಿದ್ದರೆ, ಬದಲಾದ ವರ್ಷಕ್ಕೆ ಮಾದರಿಯಲ್ಲಿ ಬೇರೆಯೇ ಗುರುತು ಹಾಕಬೇಕು.

ಈಗ ಕ್ಯಾಲೆಂಡರ್. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೇಲ್ದರ್ಜೆ, ಅಂದರೆ ಡಿವಿಷನ್ 1 ಬೇಸ್‌ಬಾಲ್, ಫೆಬ್ರವರಿ ಮಧ್ಯದ ಒಂದು ಶುಕ್ರವಾರ ಶುರುವಾಗುತ್ತದೆ. ಸಾಮಾನ್ಯ ಸೀಸನ್‌ಗೆ ಹೆಚ್ಚೆಂದರೆ 56 ಪಂದ್ಯ, ಮೇ ಕೊನೆಯ ಹೊತ್ತಿಗೆ ಅದು ಮುಗಿಯುತ್ತದೆ. ಶುಕ್ರ, ಶನಿ, ಭಾನುವಾರ ಒಂದೇ ಎದುರಾಳಿಯೊಂದಿಗೆ ಮೂರು ಪಂದ್ಯಗಳ ಸರಣಿ, ನಡುವೆ ಮಂಗಳವಾರ ಅಥವಾ ಬುಧವಾರ ಹತ್ತಿರದ ಯಾವುದೋ ಕಾಲೇಜಿನೊಂದಿಗೆ ಒಂದು ಪಂದ್ಯ, ಇದು ವಾರದ ಲಯ. ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಆಗ್ನೇಯ ರಾಜ್ಯಗಳ ಎಸ್‌ಇಸಿ ಕಾನ್ಫರೆನ್ಸ್‌ನಲ್ಲಿ ಹತ್ತು ವಾರಾಂತ್ಯಗಳಲ್ಲಿ 30 ಕಾನ್ಫರೆನ್ಸ್ ಪಂದ್ಯ, ಅದರಲ್ಲಿ ಐದು ಸರಣಿ ತವರಿನಲ್ಲಿ. ದಕ್ಷಿಣದ ತಂಡಗಳು ಮೊದಲ ದಿನದಿಂದಲೇ ತವರಿನಲ್ಲಿ ಆಡುತ್ತವೆ. ಮಿಷಿಗನ್, ಮಿನೆಸೋಟದಂಥ ಕಡೆ ಫೆಬ್ರವರಿಯಲ್ಲಿ ಮೈದಾನದ ಮೇಲೆ ಹಿಮ ಇರುವುದರಿಂದ ಅಲ್ಲಿನ ತಂಡಗಳು ಮೊದಲ ಕೆಲವು ವಾರ ದಕ್ಷಿಣಕ್ಕೆ ಹೋಗಿ ಆಡುತ್ತವೆ. ಹಾಗಾಗಿ ಎರಡು ಪ್ರದೇಶಗಳ ತಂಡಗಳನ್ನು ಹೋಲಿಸುವಾಗ ಒಟ್ಟು ಸಂಖ್ಯೆ ಬಿಟ್ಟು ಪಂದ್ಯವೊಂದರ ಸರಾಸರಿಯನ್ನು ಹೋಲಿಸಬೇಕು.

ನಮ್ಮಲ್ಲಿ ರಣಜಿ ಪಂದ್ಯಕ್ಕೂ ಐಪಿಎಲ್ ಪಂದ್ಯಕ್ಕೂ ಬರುವ ಜನರನ್ನು ಒಂದೇ ಸರಾಸರಿಗೆ ಹಾಕಿದರೆ ಏನಾಗುತ್ತದೋ, ಮಂಗಳವಾರದ ಪಂದ್ಯವನ್ನೂ ಏಪ್ರಿಲ್ ಶನಿವಾರದ ಕಾನ್ಫರೆನ್ಸ್ ಪಂದ್ಯವನ್ನೂ ಬೆರೆಸಿದರೆ ಅದೇ ಆಗುತ್ತದೆ. ಕಳೆದ ವರ್ಷದ ಸರಾಸರಿಯನ್ನು ಈ ವರ್ಷದ ಪಂದ್ಯಗಳ ಸಂಖ್ಯೆಯಿಂದ ಗುಣಿಸುವ ಸುಲಭ ದಾರಿ ಎಡವುವುದು ಈ ಕಾರಣಕ್ಕೆ: ಈ ವರ್ಷದ ಪಟ್ಟಿಯಲ್ಲಿ ವಾರದ ನಡುವಿನ ಪಂದ್ಯಗಳು ನಾಲ್ಕು ಹೆಚ್ಚಾಗಿರಬಹುದು, ದೊಡ್ಡ ಎದುರಾಳಿ ಈ ಸಲ ತವರಿಗೆ ಬರದೇ ಇರಬಹುದು.

ಒಂದು ಪಂದ್ಯವನ್ನು ಹತ್ತಿರದಿಂದ ನೋಡೋಣ

ಮಿಸಿಸಿಪ್ಪಿ ಸ್ಟೇಟ್ ತಂಡದ ಮೈದಾನ ಡ್ಯೂಡಿ ನೋಬಲ್ ಫೀಲ್ಡ್ ಇರುವುದು ಸ್ಟಾರ್ಕ್‌ವಿಲ್‌ನಲ್ಲಿ. ಊರಿನ ಜನಸಂಖ್ಯೆ ಸುಮಾರು 24,000. 2023ರ ಏಪ್ರಿಲ್ 15, ಶನಿವಾರ, ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡ) ವಿರುದ್ಧದ ಪಂದ್ಯಕ್ಕೆ ಅಲ್ಲಿ ಸೇರಿದವರು 16,423 ಜನ. ಕಾಲೇಜು ಆವರಣದ ಮೈದಾನವೊಂದರಲ್ಲಿ ಅಷ್ಟು ಜನ ಅದಕ್ಕಿಂತ ಮೊದಲು ಸೇರಿರಲಿಲ್ಲ. ಹಿಂದಿನ ದಾಖಲೆ 15,586, ಅದೂ ಇದೇ ಮೈದಾನದ್ದು, 2014ರ ಏಪ್ರಿಲ್ 12ರದ್ದು. ಆವತ್ತೂ ಶನಿವಾರ, ಎದುರಾಳಿ ಅದೇ ಓಲ್ ಮಿಸ್.

2023ರಲ್ಲಿ ಈ ಎರಡು ತಂಡಗಳು ಹೇಗೆ ಆಡಿದವು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಸೀಸನ್ ಮುಗಿಯುವಾಗ ಎಸ್‌ಇಸಿಯಲ್ಲಿ ಮಿಸಿಸಿಪ್ಪಿ ಸ್ಟೇಟ್‌ಗೆ 9 ಗೆಲುವು, 21 ಸೋಲು. ಓಲ್ ಮಿಸ್‌ಗೆ 6 ಗೆಲುವು, 24 ಸೋಲು. ಎರಡೂ ರಾಷ್ಟ್ರೀಯ ಟೂರ್ನಿಗೆ ಹೋಗಲಿಲ್ಲ. ಆ ವರ್ಷದ ಗೆಲುವಿನ ಪ್ರಮಾಣವನ್ನೇ ಮುಖ್ಯ ಕಾರಣವೆಂದು ಹಿಡಿದ ಮಾದರಿಗೆ ಈ 16,423 ಅರ್ಥವೇ ಆಗುವುದಿಲ್ಲ. ಕಾರಣಗಳು ಬೇರೆ ಕಡೆ ಇವೆ. 2021ರ ರಾಷ್ಟ್ರೀಯ ಪ್ರಶಸ್ತಿ ಮಿಸಿಸಿಪ್ಪಿ ಸ್ಟೇಟ್‌ನದು, 2022ರದು ಓಲ್ ಮಿಸ್‌ನದು. ಗೆದ್ದ ವರ್ಷದ ಹುರುಪು ಮುಂದಿನ ವರ್ಷಗಳ ಸೀಸನ್ ಟಿಕೆಟ್‌ಗಳಲ್ಲಿ ಕಾಣುತ್ತದೆ. ಜೊತೆಗೆ ಅದು ಸೂಪರ್ ಬುಲ್‌ಡಾಗ್ ವೀಕೆಂಡ್, ಹಳೆಯ ವಿದ್ಯಾರ್ಥಿಗಳು ಸಂಸಾರ ಸಮೇತ ಊರಿಗೆ ಬರುವ ವಾರಾಂತ್ಯ. ಏಪ್ರಿಲ್ ಮಧ್ಯದ ಹಿತವಾದ ಹವೆ, ತರಗತಿಗಳು ಇನ್ನೂ ನಡೆಯುತ್ತಿರುವ ಕಾಲ, ಎರಡು ಗಂಟೆಯ ಹಾದಿಯಷ್ಟೇ ದೂರದ ಬದ್ಧ ಎದುರಾಳಿ. ಇವೆಲ್ಲವೂ ಫೆಬ್ರವರಿಗೆ ಮೊದಲೇ ತಿಳಿದಿರುವ ಸಂಗತಿಗಳು. ಸೀಸನ್ ಶುರುವಾಗುವ ಮುನ್ನ ಹೇಳುವ ಅಂದಾಜಿಗೆ ತಂಡದ ಬಲಕ್ಕಿಂತ ಪಂದ್ಯಪಟ್ಟಿಯೇ ಹೆಚ್ಚು ಹೇಳುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾಗಿ ಪಟ್ಟಿಯ ಪ್ರತಿ ಪಂದ್ಯದ ಎದುರು ಈ ವಿವರಗಳನ್ನು ಬರೆದುಕೊಳ್ಳಿ: ವಾರದ ಯಾವ ದಿನ, ಆರಂಭದ ಸಮಯ, ಕಾನ್ಫರೆನ್ಸ್ ಪಂದ್ಯವೇ, ಎದುರಾಳಿ ಎಷ್ಟು ದೂರದವರು, ಸೀಸನ್‌ನ ಮೊದಲ ಪಂದ್ಯವೇ, ಮಾರ್ಚ್ ಮಧ್ಯದ ರಜೆಯ ವಾರವೇ, ಈಸ್ಟರ್ ವಾರಾಂತ್ಯವೇ, ಪರೀಕ್ಷೆಯ ವಾರವೇ, ಅದೇ ದಿನ ಕ್ಯಾಂಪಸ್‌ನಲ್ಲಿ ಬಾಸ್ಕೆಟ್‌ಬಾಲ್ ಅಥವಾ ವಸಂತಕಾಲದ ಫುಟ್‌ಬಾಲ್ ಪ್ರದರ್ಶನ ಪಂದ್ಯ ಇದೆಯೇ. ಈಸ್ಟರ್ ದಿನಾಂಕ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಮತ್ತು ಆ ವಾರದ ಸರಣಿ ಸಾಮಾನ್ಯವಾಗಿ ಗುರುವಾರದಿಂದ ಶನಿವಾರಕ್ಕೆ ಬದಲಾಗುತ್ತದೆ. "ಸರಣಿಯ ಎರಡನೇ ಪಂದ್ಯ ಅಂದರೆ ಶನಿವಾರ" ಎಂದು ಕೋಡ್ ಬರೆದಿದ್ದರೆ ಆ ವಾರ ಅದು ಶುಕ್ರವಾರವಾಗಿರುತ್ತದೆ, ಯಾರಿಗೂ ಗೊತ್ತಾಗದೆ ಅಂಕಿ ಕೆಡುತ್ತದೆ.

ಪಟ್ಟಿಯಲ್ಲಿ "ತವರು" ಎಂದು ಕಂಡದ್ದೆಲ್ಲ ತವರಲ್ಲ. ಮಿಸಿಸಿಪ್ಪಿ ಸ್ಟೇಟ್ ಮತ್ತು ಓಲ್ ಮಿಸ್ ನಡುವಿನ ಗವರ್ನರ್ಸ್ ಕಪ್ ಪಂದ್ಯ ಪರ್ಲ್ ಊರಿನ ಟ್ರಸ್ಟ್‌ಮಾರ್ಕ್ ಪಾರ್ಕ್‌ನಲ್ಲಿ ನಡೆಯುತ್ತದೆ. ಇಂಥ ತಟಸ್ಥ ಮೈದಾನದ ಜನರನ್ನು ತವರಿನ ಲೆಕ್ಕಕ್ಕೆ ಸೇರಿಸಬೇಡಿ. ಮೇ ಕೊನೆಯ ನಂತರ ರಾಷ್ಟ್ರೀಯ ಟೂರ್ನಿಯ ಸುತ್ತುಗಳಾಗಿ 16 ಕಡೆ ನಡೆಯುವ ರೀಜನಲ್, ಆಮೇಲೆ 8 ಕಡೆ ನಡೆಯುವ ಸೂಪರ್ ರೀಜನಲ್ ಪಂದ್ಯಗಳ ಟಿಕೆಟ್ ವ್ಯವಸ್ಥೆಯೇ ಬೇರೆ. ಅವನ್ನು "ಆತಿಥ್ಯ ಸಿಕ್ಕರೆ ಇಷ್ಟು" ಎಂದು ಪ್ರತ್ಯೇಕವಾಗಿ ಬರೆದಿಡಿ.

ಅಂಕಿ ಶುದ್ಧ ಮಾಡುವುದು

ಕಾಲೇಜುಗಳ ವೆಬ್‌ಸೈಟಿನಲ್ಲಿ ಪ್ರತಿ ಪಂದ್ಯದ ಬಾಕ್ಸ್ ಸ್ಕೋರ್, ಅಂದರೆ ಅಂಕಪಟ್ಟಿ, ಸಿಗುತ್ತದೆ, ಅದರ ಕೆಳಗೆ ಹಾಜರಾತಿ, ಆರಂಭದ ಸಮಯ, ಹಲವು ಸಲ ಹವಾಮಾನವೂ ಇರುತ್ತದೆ. ಐದಾರು ಸೀಸನ್‌ಗಳದ್ದನ್ನು ಒಟ್ಟುಮಾಡಿದರೆ ಸಾಕಷ್ಟಾಯಿತು, ಇನ್ನೂ ಹಿಂದಕ್ಕೆ ಹೋದರೆ ಮೈದಾನವೇ ಬೇರೆಯದಾಗಿರುತ್ತದೆ. ಡ್ಯೂಡಿ ನೋಬಲ್ ಫೀಲ್ಡ್‌ನ ದೊಡ್ಡ ನವೀಕರಣ 2019ಕ್ಕೆ ಮುಗಿಯಿತು. ಅದಕ್ಕೂ ಹಿಂದಿನ ಅಂಕಿಯನ್ನು ನಂತರದ್ದರ ಜೊತೆ ಹಾಗೇ ಜೋಡಿಸುವಂತಿಲ್ಲ.

ಹಾಜರಾತಿ 0 ಎಂದಿದ್ದರೆ ಜನ ಬರಲಿಲ್ಲ ಎಂದಲ್ಲ, ಯಾರೂ ಬರೆಯಲಿಲ್ಲ ಎಂದು. ಅದನ್ನು ಖಾಲಿ ಎಂದು ಗುರುತಿಸಿ. ಸರಣಿಯ ಮೂರೂ ದಿನ ಒಂದೇ ಸಂಖ್ಯೆ ಇದ್ದರೆ ನಕಲು ಇಳಿಸಿದ್ದಾರೆ ಎಂದು ತಿಳಿಯಿರಿ. ಸಣ್ಣ ಕಾಲೇಜುಗಳಲ್ಲಿ 150, 200, 250 ಎಂಬ ದುಂಡು ಸಂಖ್ಯೆಗಳೇ ಸಾಲುಸಾಲಾಗಿ ಬಂದರೆ ಅದು ಕಣ್ಣಳತೆ. ಅಂಥ ಕಡೆ ಸಂಖ್ಯೆಯಲ್ಲೇ ದೊಡ್ಡ ತಪ್ಪು ಅಡಗಿರುವಾಗ, ಅದಕ್ಕಿಂತ ನಿಖರವಾದ ಮುನ್ಸೂಚನೆ ಕೊಡುತ್ತೇನೆ ಎನ್ನುವುದು ಸುಳ್ಳಾಗುತ್ತದೆ.

ಮಳೆಯಿಂದ ಪಂದ್ಯ ಮುಂದಕ್ಕೆ ಹೋಗಿ ಒಂದೇ ದಿನ ಎರಡು ಪಂದ್ಯ ಆಡಿದ ದಿನಗಳು ಹೆಚ್ಚು ತೊಂದರೆ ಕೊಡುತ್ತವೆ. ಒಂದೇ ಟಿಕೆಟ್‌ನಲ್ಲಿ ಎರಡೂ ಪಂದ್ಯ ನೋಡಲು ಬಿಟ್ಟಿದ್ದರೆ ಕೆಲವರು ಅದೇ ಸಂಖ್ಯೆಯನ್ನು ಎರಡು ಸಲ ಬರೆಯುತ್ತಾರೆ, ಕೆಲವರು ಒಂದೇ ಸಲ. ಮಾದರಿಯ ಘಟಕ ಪಂದ್ಯವೋ ದಿನವೋ ಎಂದು ಮೊದಲೇ ನಿರ್ಧರಿಸಿ. ನಮ್ಮ ಸಲಹೆ ದಿನ. ಕೋವಿಡ್‌ನಿಂದ 2020ರ ಸೀಸನ್ ಮಾರ್ಚ್ 12ಕ್ಕೆ ರದ್ದಾಯಿತು, ಅಂದರೆ ಅದರಲ್ಲಿ ಚಳಿಯ ಪಂದ್ಯಗಳು ಮಾತ್ರ ಇವೆ, ಸರಾಸರಿಗೆ ಬಳಸಬೇಡಿ. 2021ರಲ್ಲಿ ಬಹಳ ಕಡೆ ಆಸನಗಳಿಗೆ ಮಿತಿ ಇತ್ತು. ಆ ಪಂದ್ಯಗಳನ್ನು ಬಿಡಿ, ಇಲ್ಲವೇ ಮಿತಿಯನ್ನೇ ಆವತ್ತಿನ ಸಾಮರ್ಥ್ಯವೆಂದು ದಾಖಲಿಸಿ.

ಮಾದರಿ, ಮತ್ತು ಸಾಮರ್ಥ್ಯದ ಗೋಡೆ

ಹಾಜರಾತಿಯ ಮೇಲೆ ಪ್ರಭಾವಗಳು ಕೂಡುವುದಿಲ್ಲ, ಗುಣಿಸುತ್ತವೆ. ಶನಿವಾರ ಅಂದಕೂಡಲೇ ಎಲ್ಲ ಕಡೆ 1,000 ಜನ ಹೆಚ್ಚಾಗುವುದಿಲ್ಲ, ಇದ್ದದ್ದರ ಮೇಲೆ ಶೇಕಡಾ ಇಷ್ಟು ಹೆಚ್ಚಾಗುತ್ತದೆ. ಹಾಗಾಗಿ ಸಂಖ್ಯೆಯ ಲಾಗ್ (ಗುಣಾಕಾರವನ್ನು ಕೂಡುವಿಕೆಯಾಗಿಸುವ ಲಾಗರಿದಮ್) ತೆಗೆದು ರಿಗ್ರೆಷನ್ ನಡೆಸುವುದು ವಾಡಿಕೆ. ಕೆಲವೇ ನೂರು ಜನ ಬರುವ ಮೈದಾನಕ್ಕಾದರೆ ಎಣಿಕೆಗಳಿಗೆಂದೇ ಇರುವ ನೆಗೆಟಿವ್ ಬೈನಾಮಿಯಲ್ ಎಂಬ ಮಾದರಿ ಹೊಂದುತ್ತದೆ. ಅದೇ ಬಗೆಯ ಪ್ವಾಸಾನ್ ಮಾದರಿ ಬೇಡ, ಅದು ಅಂದಾಜು ಮಾಡುವ ಏರಿಳಿತ ನಿಜದ್ದಕ್ಕಿಂತ ತೀರಾ ಕಡಿಮೆ.

ಒಂದು ಕಾಲ್ಪನಿಕ ಮೈದಾನ ತೆಗೆದುಕೊಳ್ಳೋಣ. ಸಾಮರ್ಥ್ಯ 6,000. ಸೀಸನ್ ಟಿಕೆಟ್ ಕಡಿಮೆ, ಗೇಟಿನಲ್ಲಿ ಕೊಳ್ಳುವವರೇ ಹೆಚ್ಚು. 15 ಡಿಗ್ರಿ ಸೆಲ್ಸಿಯಸ್‌ನ ಒಂದು ಸಾಮಾನ್ಯ ಶುಕ್ರವಾರ, ಕಾನ್ಫರೆನ್ಸ್ ಅಲ್ಲದ ಪಂದ್ಯಕ್ಕೆ 3,000 ಜನ. ಶನಿವಾರಕ್ಕೆ 1.35 ಪಟ್ಟು, ಕಾನ್ಫರೆನ್ಸ್‌ಗೆ 1.45 ಪಟ್ಟು, 15ರ ಮೇಲೆ ಪ್ರತಿ 5 ಡಿಗ್ರಿಗೆ 1.08 ಪಟ್ಟು ಎಂದು ಮಾದರಿ ಹೇಳಿದೆ ಎಂದಿಟ್ಟುಕೊಳ್ಳಿ. ಆಗ ಏಪ್ರಿಲ್‌ನ 25 ಡಿಗ್ರಿಯ ಕಾನ್ಫರೆನ್ಸ್ ಶನಿವಾರಕ್ಕೆ 3,000 × 1.35 × 1.45 × 1.08 × 1.08, ಅಂದರೆ ಸುಮಾರು 6,850. ಮೈದಾನಕ್ಕೆ ಹಿಡಿಸುವುದು 6,000.

ಇಲ್ಲಿ ಎರಡು ತಪ್ಪುಗಳಿಗೆ ದಾರಿ ಇದೆ. 6,850 ಎಂದು ಹಾಗೇ ಬರೆಯುವುದು ಒಂದು. 6,000ಕ್ಕೆ ಕತ್ತರಿಸಿ ಬರೆಯುವುದು ಇನ್ನೊಂದು, ಇದು ಹೆಚ್ಚು ಜಾಣತನದಂತೆ ಕಾಣುತ್ತದೆ. ಆದರೆ 6,850 ಎಂಬುದು ಮಧ್ಯಾಂಕ ಮಾತ್ರ, ಅಂದರೆ ಬೇಡಿಕೆ ಅರ್ಧ ಸಲ ಅದಕ್ಕಿಂತ ಹೆಚ್ಚು, ಅರ್ಧ ಸಲ ಕಡಿಮೆ. ಲಾಗ್ ಅಳತೆಯಲ್ಲಿ ಮಾನಕ ವಿಚಲನೆ (ಏರಿಳಿತದ ಅಳತೆ) 0.25 ಇದ್ದರೆ, ಬೇಡಿಕೆ 6,000 ದಾಟುವ ಸಂಭವ ಸುಮಾರು ಶೇ 70. ಉಳಿದ ಶೇ 30ರಲ್ಲಿ ಮೈದಾನ ತುಂಬುವುದಿಲ್ಲ. ಎರಡನ್ನೂ ಸೇರಿಸಿ ನಿರೀಕ್ಷಿತ ಸಂಖ್ಯೆ ತೆಗೆದರೆ 5,750ರ ಆಸುಪಾಸು ಬರುತ್ತದೆ. ಬರೆಯಬೇಕಾದದ್ದು ಅದನ್ನು. ಇದೇ ಕಾರಣಕ್ಕೆ ಹಳೆಯ ಅಂಕಿಯಲ್ಲಿ ಮೈದಾನ ತುಂಬಿದ ದಿನಗಳನ್ನು "ಕನಿಷ್ಠ ಇಷ್ಟು ಬೇಡಿಕೆ ಇತ್ತು" ಎಂದು ಓದುವ ಟೋಬಿಟ್ ಬಗೆಯ ಮಾದರಿ ಬೇಕು. ಸಾಮಾನ್ಯ ರಿಗ್ರೆಷನ್‌ಗೆ ಕೊಟ್ಟರೆ ಅದು ಶನಿವಾರದ, ದೊಡ್ಡ ಎದುರಾಳಿಯ ಗುಣಕಗಳನ್ನು ಕುಗ್ಗಿಸಿಬಿಡುತ್ತದೆ, ಮುಂದಿನ ವರ್ಷ ಆಸನ ಹೆಚ್ಚಿಸಿದಾಗ ಅಂದಾಜು ನೆಲಕಚ್ಚುತ್ತದೆ.

ಲಾಗ್‌ನಿಂದ ಮರಳಿ ಸಂಖ್ಯೆಗೆ ಬರುವಾಗ ಇನ್ನೊಂದು ಕುಣಿಕೆ. ಹಾಗೇ ಮರಳಿಸಿದರೆ ಸಿಗುವುದು ಮಧ್ಯಾಂಕ, ಸರಾಸರಿ ಅದಕ್ಕಿಂತ ಹೆಚ್ಚು. ವಿಚಲನೆ 0.25 ಇದ್ದಾಗ ವ್ಯತ್ಯಾಸ ಶೇ 3.2. ಒಂದು ಪಂದ್ಯಕ್ಕೆ ಅದು ಲೆಕ್ಕಕ್ಕಿಲ್ಲ. ಮೈದಾನ ತುಂಬದ ದಿನಗಳೇ ಹೆಚ್ಚಿರುವ, 1,36,000 ಜನರ ಸೀಸನ್‌ನಲ್ಲಿ ಮಾತ್ರ ಇದು 4,000ಕ್ಕೂ ಹೆಚ್ಚು ಜನರ ಕೊರತೆಯಾಗಿ ನಿಲ್ಲುತ್ತದೆ, ಅದೂ ಪ್ರತಿ ವರ್ಷ ಒಂದೇ ದಿಕ್ಕಿಗೆ.

ಹವಾಮಾನದ ವಿಷಯದಲ್ಲಿ ನಡೆಯುವ ಮೋಸ ಅರಿವಿಲ್ಲದೆ ನಡೆಯುವಂಥದ್ದು. ಹಿಂದಿನ ಪಂದ್ಯಗಳ ನಿಜವಾದ ಉಷ್ಣಾಂಶದಿಂದ ಮಾದರಿ ಕಲಿಯುತ್ತದೆ, ಪರೀಕ್ಷೆಯಲ್ಲೂ ನಿಜವಾದ ಉಷ್ಣಾಂಶವನ್ನೇ ಕೊಡುತ್ತೇವೆ, ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಜನವರಿಯಲ್ಲಿ ಕೂತು ಏಪ್ರಿಲ್ 18ರ ಮಳೆ ಯಾರಿಗೆ ಗೊತ್ತು? ಆದ್ದರಿಂದ ಅಮೆರಿಕದ ಹವಾಮಾನ ಸಂಸ್ಥೆ ನೋವಾ ಉಚಿತವಾಗಿ ಕೊಡುವ ದಿನವಾರು ದಾಖಲೆಯಿಂದ ಹತ್ತಿರದ ಕೇಂದ್ರದ ಇಪ್ಪತ್ತು ಮೂವತ್ತು ವರ್ಷಗಳ ಅದೇ ವಾರಾಂತ್ಯಗಳನ್ನು ತೆಗೆಯಿರಿ. ಮೂರು ದಿನಗಳನ್ನು ಒಟ್ಟಿಗೇ ಎತ್ತಿಕೊಳ್ಳಿ, ಬಿಡಿಬಿಡಿಯಾಗಿ ಬೇಡ, ಏಕೆಂದರೆ ಶುಕ್ರವಾರ ಬಂದ ಮಳೆ ಶನಿವಾರವೂ ಉಳಿಯುವುದುಂಟು. ದಿನದ ಗರಿಷ್ಠ ಉಷ್ಣಾಂಶ ಮಧ್ಯಾಹ್ನದ ಪಂದ್ಯಕ್ಕೆ ಸರಿ. ಸಂಜೆ ಆರೂವರೆಯ ಪಂದ್ಯಕ್ಕೆ ಆ ಹೊತ್ತಿನ ಉಷ್ಣಾಂಶ ಬೇಕು. ಮಾರ್ಚ್‌ನಲ್ಲಿ ಎರಡರ ಅಂತರ ಜನರನ್ನು ಮನೆಯಲ್ಲೇ ಉಳಿಸುವಷ್ಟಿರುತ್ತದೆ.

ಮಳೆಗೆ ರದ್ದಾಗುವ ಪಂದ್ಯಗಳನ್ನೂ ಲೆಕ್ಕಕ್ಕೆ ತನ್ನಿ. ಕಾನ್ಫರೆನ್ಸ್ ಪಂದ್ಯವನ್ನು ಸಾಧ್ಯವಾದಷ್ಟು ಅದೇ ವಾರಾಂತ್ಯಕ್ಕೆ ತುಂಬಿಸುತ್ತಾರೆ. ವಾರದ ನಡುವಿನ ಪಂದ್ಯ ರದ್ದಾದರೆ ಬಹುಪಾಲು ಹೋಯಿತು ಅಂತಲೇ ಅರ್ಥ.

ಸೀಸನ್‌ನ ಮೊತ್ತ

ಪಂದ್ಯವಾರು ಅಂದಾಜು ಸಿಕ್ಕ ಮೇಲೆ ಕೂಡಿದರೆ ಮೊತ್ತ ಬರುತ್ತದೆ, ಅದು ಸುಲಭ. ಮೊತ್ತದ ಜೊತೆ ಕೊಡಬೇಕಾದ ವ್ಯಾಪ್ತಿಯಲ್ಲಿ ಮಾತ್ರ ಬಲ್ಲವರೂ ಎಡವುತ್ತಾರೆ. ನಮ್ಮ ಕಾಲ್ಪನಿಕ ತಂಡಕ್ಕೆ ತವರಿನಲ್ಲಿ 34 ದಿನ, ಸರಾಸರಿ 4,000, ಮೊತ್ತ 1,36,000. ಒಂದೊಂದು ದಿನದ ತಪ್ಪು ಶೇ 25. ಈ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ ಮೊತ್ತದ ಮಾನಕ ವಿಚಲನೆ ಸುಮಾರು 5,800, ಹತ್ತರಲ್ಲಿ ಎಂಟು ಸಲ ನಿಜ ಬೀಳುವ ವ್ಯಾಪ್ತಿ 7,500 ಹೆಚ್ಚು ಅಥವಾ ಕಡಿಮೆ. ನೋಡಲು ಅಚ್ಚುಕಟ್ಟಾಗಿದೆ. ಆದರೆ ಸೀಸನ್ ಟಿಕೆಟ್ ಇಳಿದಿದ್ದರೆ, ಕೋಚ್ ಬದಲಾಗಿದ್ದರೆ, ಟಿಕೆಟ್ ದರ ಏರಿದ್ದರೆ 34 ದಿನವೂ ಒಟ್ಟಿಗೇ ಇಳಿಯುತ್ತವೆ. ವರ್ಷಕ್ಕೆ ಸಾಮಾನ್ಯವಾದ ಈ ಏರಿಳಿತ ಶೇ 8 ಎಂದು ಹಿಡಿದರೆ ಅದೊಂದೇ 10,900. ಎರಡೂ ಸೇರಿ 12,300, ವ್ಯಾಪ್ತಿ 15,800 ಹೆಚ್ಚು ಅಥವಾ ಕಡಿಮೆ, ಅಂದರೆ ಮೊದಲು ಹೇಳಿದ್ದರ ಎರಡು ಪಟ್ಟು.

ಪಂದ್ಯವಾರು ತಪ್ಪನ್ನು ಶೇ 25ರಿಂದ 22ಕ್ಕೆ ಇಳಿಸಲು ಯಂತ್ರಕಲಿಕೆಯ ಹತ್ತು ಮಾದರಿಗಳನ್ನು ಪ್ರಯೋಗಿಸಿದರೂ ಸೀಸನ್ ಮೊತ್ತಕ್ಕೆ ಹೆಚ್ಚೇನೂ ಸಿಗದು. ಅದೇ ಶ್ರಮವನ್ನು ವರ್ಷದ ಸಾಮಾನ್ಯ ಏರಿಳಿತ ತಿಳಿಯಲು ಹಾಕಿ: ಸೀಸನ್ ಟಿಕೆಟ್ ನವೀಕರಣದ ಪ್ರಮಾಣ, ಕಳೆದ ವರ್ಷ ತಂಡ ಎಲ್ಲಿವರೆಗೆ ಹೋಯಿತು, ಸೀಸನ್‌ಗೆ ಮೊದಲಿನ ರ‍್ಯಾಂಕಿಂಗ್. ಪರೀಕ್ಷಿಸುವಾಗಲೂ ಇದನ್ನು ನೆನಪಿಡಿ. ಪಂದ್ಯಗಳನ್ನು ಕಲಸಿ ಯಾದೃಚ್ಛಿಕವಾಗಿ ಭಾಗ ಮಾಡಿದರೆ ಮಾದರಿಗೆ ಆ ವರ್ಷದ ಮಟ್ಟ ಮೊದಲೇ ಗೊತ್ತಾಗಿಬಿಡುತ್ತದೆ. ಇಡೀ ಸೀಸನ್ ಒಂದನ್ನು ಬಚ್ಚಿಟ್ಟು, ಅದಕ್ಕಿಂತ ಹಿಂದಿನವುಗಳಿಂದ ಮಾತ್ರ ಕಲಿಸಿ, ಆ ಸೀಸನ್‌ನ ಮೊತ್ತ ಹೇಳಿಸಿ.

ಸೀಸನ್ ಶುರುವಾದ ಮೇಲೆ ಅಂದಾಜನ್ನು ತಿದ್ದುವ ಕ್ರಮಕ್ಕೂ ಲೆಕ್ಕವಿದೆ. ಮೊದಲ 12 ದಿನ ಅಂದಾಜಿಗಿಂತ ಶೇ 10 ಹೆಚ್ಚು ಜನ ಬಂದರು ಎನ್ನಿ. ಉಳಿದ 22 ದಿನಗಳಿಗೂ ಶೇ 10 ಏರಿಸುವುದು ಅವಸರ, ಏನನ್ನೂ ಬದಲಿಸದಿರುವುದು ಹಟ. ವರ್ಷದ ಏರಿಳಿತ ಶೇ 8, ದಿನದ ಏರಿಳಿತ ಶೇ 25 ಇರುವಾಗ 12 ದಿನಗಳ ಸಾಕ್ಷ್ಯಕ್ಕೆ ಕೊಡಬೇಕಾದ ತೂಕ ಸುಮಾರು 0.55. ಹಾಗಾಗಿ ಉಳಿದವನ್ನು ಶೇ 5.5 ಏರಿಸಿ. ವರ್ಷದ ಏರಿಳಿತದ ಅನಿಶ್ಚಿತತೆಯೂ ಶೇ 8ರಿಂದ 5.4ಕ್ಕೆ ಇಳಿಯುತ್ತದೆ. ಆದರೆ ಆ ಶೇ 10 ಅನ್ನು ಲೆಕ್ಕ ಹಾಕುವ ಮುನ್ನ, ಆ 12 ದಿನಗಳ ನಿಜವಾದ ಹವಾಮಾನವನ್ನು ಮಾದರಿಗೆ ಕೊಟ್ಟು ಮತ್ತೆ ಅಂದಾಜು ತೆಗೆದು, ಬಂದ ಜನರನ್ನು ಅದರೊಂದಿಗೆ ಹೋಲಿಸಿ. ಫೆಬ್ರವರಿ ಈ ಸಲ ಬೆಚ್ಚಗಿತ್ತು ಅನ್ನುವುದಷ್ಟೇ ಕಾರಣವಾಗಿದ್ದರೆ, ಏಪ್ರಿಲ್‌ನ ಅಂಕಿಯನ್ನು ಮುಟ್ಟಬೇಕಾಗಿಲ್ಲ.